ಸೋತದ್ದಕ್ಕೆ ಸಂತೋಷಪಟ್ಟ ಪಶುಪಾಲಕ

ಕೇಳುಗರೆ, ನಮಸ್ಕಾರ.

ಅಮೆರಿಕದ ವಯೋಮಿಂಗ್ ರಾಜ್ಯದ ವಾಯವ್ಯ ಮೂಲೆಯಲ್ಲಿ ಜ್ಯಾಕ್ಸನ್ ಹೋಲ್ ಎಂಬ ಕಣಿವೆಯಿದೆ. ಅದರ ಪಶ್ಚಿಮಕ್ಕೆ ಟೀಟಾನ್ ಪರ್ವತಗಳು ನಡುವೆ ಒಂದು ತಪ್ಪಲುಗುಡ್ಡವೂ ಇಲ್ಲದೆ ಬಯಲಿನಿಂದ ನೇರವಾಗಿ ಮೇಲೆದ್ದಿವೆ. ಕಣಿವೆಯ ಮಧ್ಯದಲ್ಲಿ ಸ್ನೇಕ್ ನದಿ ಹರಿಯುತ್ತದೆ. ನೋಡುವವರಿಗೆ ಇದು ಸೊಬಗಿನ ನಾಡು. ಅಲ್ಲಿ ದನ ಸಾಕಿ ಬದುಕಬೇಕಾದವರಿಗೆ ಮಾತ್ರ ಅಷ್ಟು ಸಲೀಸಲ್ಲ. ಕಣಿವೆಯ ನೆಲವೇ ಸಮುದ್ರಮಟ್ಟದಿಂದ 6,000 ಅಡಿಗೂ ಎತ್ತರದಲ್ಲಿರುವುದರಿಂದ ಬೇಸಿಗೆ ಬಂದದ್ದು ಗೊತ್ತಾಗುವಷ್ಟರಲ್ಲಿ ಮುಗಿದುಹೋಗುತ್ತದೆ, ಹಿಮ ತಿಂಗಳುಗಟ್ಟಲೆ ಕರಗದೆ ಉಳಿಯುತ್ತದೆ. ಈ ಕಣಿವೆಯ ಜೆನಿತ್ ಎಂಬ ಸಣ್ಣ ನೆಲೆಯಲ್ಲಿ 1912ರ ಅಕ್ಟೋಬರ್ 16ರಂದು ಹುಟ್ಟಿ, ಇಲ್ಲಿಯೇ ದನ ಕಾಯ್ದು, ಜಿಲ್ಲಾ ಆಡಳಿತದಿಂದ ಹಿಡಿದು ದೇಶದ ಸೆನೆಟ್‌ವರೆಗೆ ಸಾರ್ವಜನಿಕ ಸೇವೆ ಸಲ್ಲಿಸಿದ ಕ್ಲಿಫರ್ಡ್ ಹ್ಯಾನ್ಸನ್ ಅವರನ್ನು ಇಂದಿನ ಭಾಷಣದಲ್ಲಿ ನೆನೆಯಲು ಬಯಸುತ್ತೇನೆ.

ಬಾಲ್ಯದಲ್ಲಿ ಹ್ಯಾನ್ಸನ್ ಅವರಿಗೆ ವಿಪರೀತ ತೊದಲು ಇತ್ತು. ಈ ಹುಡುಗನಿಗೆ ವಿದ್ಯೆ ಹತ್ತುವುದಿಲ್ಲವೆಂದು ಶಾಲೆಯಿಂದ ಮನೆಗೆ ಕಳುಹಿಸಿದ ಪ್ರಸಂಗವೂ ನಡೆಯಿತು. ತಂದೆತಾಯಿಗಳು ಆ ತೀರ್ಪನ್ನು ಒಪ್ಪಿಕೊಳ್ಳದೆ ಮಾತಿನ ಚಿಕಿತ್ಸೆ ಕೊಡಿಸಿದರು. ಮುಂದೆ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಓದಿ 1934ರಲ್ಲಿ ಪದವಿ ಪಡೆದರು. ಅದೇ ವರ್ಷ ಮಾರ್ಥಾ ಅವರನ್ನು ಮದುವೆಯಾಗಿ ಕಣಿವೆಗೆ, ದನಗಳ ಬಳಿಗೆ ಹಿಂದಿರುಗಿದರು. ತೊದಲುತ್ತಿದ್ದ ಆ ಹುಡುಗ ಮುಂದೆ ಹನ್ನೆರಡು ವರ್ಷ ಸೆನೆಟ್‌ನಲ್ಲಿ ಮಾತಾಡಿದರು ಎಂಬುದನ್ನು, ಧ್ವನಿಯನ್ನೇ ನಂಬಿರುವ ಈ ಬಾನುಲಿಯಲ್ಲಿ ಹೇಳುವಾಗ ನನಗೆ ತುಸು ಹೆಚ್ಚಿನ ಸಂತೋಷವೇ ಆಗುತ್ತದೆ.

ಒಬ್ಬ ಪಶುಪಾಲಕನು ರಾಜಕೀಯಕ್ಕೆ ಏಕೆ ಬರುತ್ತಾನೆ ಎಂಬುದನ್ನು ಅರಿಯಲು ಆ ನಾಡಿನ ರ್ಯಾಂಚ್, ಅಂದರೆ ದನ ಸಾಕುವ ದೊಡ್ಡ ಹಿಡುವಳಿ, ಹೇಗೆ ನಡೆಯುತ್ತದೆಂದು ಸ್ವಲ್ಪ ತಿಳಿಯಬೇಕು. 1862ರ ಹೋಮ್‌ಸ್ಟೆಡ್ ಕಾಯ್ದೆಯು ಪಶ್ಚಿಮಕ್ಕೆ ಹೋಗಿ ನೆಲೆಸಿದ ಕುಟುಂಬಕ್ಕೆ 160 ಎಕರೆ ನೆಲವನ್ನು ಕೊಡುತ್ತಿತ್ತು. ಮಳೆ ಚೆನ್ನಾಗಿ ಬೀಳುವ ಬಯಲಿನಲ್ಲಿ ಅಷ್ಟು ನೆಲ ಒಂದು ಸಂಸಾರಕ್ಕೆ ಸಾಕಾದೀತು. ಒಣ ಹವೆಯ ಎತ್ತರದ ನಾಡಿನಲ್ಲಿ ದನದ ಮಂದೆಯೊಂದನ್ನು ವರ್ಷವಿಡೀ ಮೇಯಿಸಲು ಅದು ಏನೇನೂ ಸಾಲದು. ಆದ್ದರಿಂದ ಸ್ವಂತ ನೆಲದಲ್ಲಿ ಹುಲ್ಲು ಬೆಳೆದು, ಬೇಸಿಗೆಯಲ್ಲಿ ಕೊಯ್ದು ಒಣಗಿಸಿ, ಬಣವೆ ಒಟ್ಟಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಆ ಹುಲ್ಲು ಬೆಳೆಯುವ ಹೊತ್ತಿಗೆ ದನಗಳು ಬೇರೆಲ್ಲಾದರೂ ಮೇಯಬೇಕಷ್ಟೆ, ಆ ಮೇವುನೆಲ ಬಹುಪಾಲು ಸರ್ಕಾರದ್ದು. ವಯೋಮಿಂಗಿನ ಒಟ್ಟು ನೆಲದಲ್ಲಿ ಸುಮಾರು ಅರ್ಧದಷ್ಟು ಇಂದಿಗೂ ಕೇಂದ್ರ ಸರ್ಕಾರದ ಕೈಯಲ್ಲಿದೆ. ಮೇಯಿಸಲು ಅನುಮತಿಪತ್ರ ಬೇಕು, ಶುಲ್ಕ ಕಟ್ಟಬೇಕು, ಎಷ್ಟು ತಲೆ ದನ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ಲೆಕ್ಕ ಒಪ್ಪಿಸಬೇಕು. ದೂರದ ವಾಷಿಂಗ್ಟನ್ನಿನಲ್ಲಿ ಒಂದು ನಿಯಮ ಬದಲಾದರೆ ಇಲ್ಲಿ ಬೇಲಿಯ ಪಕ್ಕದಲ್ಲಿ ನಿಂತವನ ವರ್ಷದ ಬದುಕೇ ಬದಲಾಗುತ್ತದೆ. ಅಂಥ ಮನೆಗಳಲ್ಲಿ ರಾಜಕೀಯವು ಹವ್ಯಾಸವಲ್ಲ, ಮೇವಿನಷ್ಟೇ ಅಗತ್ಯದ ಸಂಗತಿ. ಹ್ಯಾನ್ಸನ್ ಅವರ ತಂದೆಯೂ ರಾಜ್ಯದ ಶಾಸನಸಭೆಯ ಸದಸ್ಯರಾಗಿದ್ದರು.

1943ರಲ್ಲಿ ಮಗನ ಸರದಿ ಬಂತು. ಟೀಟಾನ್ ಕೌಂಟಿಯ, ಅಂದರೆ ಆ ಜಿಲ್ಲೆಯ, ಆಡಳಿತ ಮಂಡಳಿಗೆ ಅವರು ಆಯ್ಕೆಯಾಗಿ ಬಂದದ್ದೇ ತಡ, ಅವರ ಬದುಕಿನ ಅತ್ಯಂತ ದೊಡ್ಡ ಜಗಳ ಬಾಗಿಲಿಗೆ ಬಂದು ನಿಂತಿತು. ಇದರ ಹಿನ್ನೆಲೆಯನ್ನು ತುಸು ವಿವರವಾಗಿಯೇ ಹೇಳಬೇಕು. ಗ್ರ್ಯಾಂಡ್ ಟೀಟಾನ್ ರಾಷ್ಟ್ರೀಯ ಉದ್ಯಾನವು 1929ರಲ್ಲಿ ಸ್ಥಾಪನೆಯಾದಾಗ ಅದರಲ್ಲಿ ಪರ್ವತಗಳೂ ಅವುಗಳ ಬುಡದ ಸರೋವರಗಳೂ ಇದ್ದವು, ಕಣಿವೆ ಸೇರಿರಲಿಲ್ಲ. ಕಣಿವೆಯೂ ಉಳಿಯಬೇಕೆಂದು ಬಯಸಿದ ಸಿರಿವಂತ ಜಾನ್ ಡಿ. ರಾಕೆಫೆಲರ್ ಜೂನಿಯರ್, ತಮ್ಮ ಹೆಸರು ಹೊರಬೀಳದಂತೆ ಸ್ನೇಕ್ ರಿವರ್ ಲ್ಯಾಂಡ್ ಕಂಪನಿ ಎಂಬ ಸಂಸ್ಥೆಯ ಮೂಲಕ ಅಲ್ಲಿನ ಸಾವಿರಾರು ಎಕರೆಗಳನ್ನು ಕೊಂಡರು. ಹೆಸರು ತಿಳಿದರೆ ಬೆಲೆ ಏರುತ್ತದೆಂಬುದು ಅವರ ಲೆಕ್ಕಾಚಾರ. ಆದರೆ ಗುಟ್ಟು ಹೊರಬಿದ್ದ ದಿನ ಕಣಿವೆಯ ಜನಕ್ಕೆ ತಮ್ಮನ್ನು ಮೋಸಗೊಳಿಸಿದರೆಂಬ ಭಾವನೆ ಬಂದದ್ದು ಸಹಜ. ಕೊಂಡ ನೆಲವನ್ನು ದೇಶಕ್ಕೆ ದಾನ ಕೊಡುವ ಮಾತು ವರ್ಷಗಟ್ಟಲೆ ಕುಂಟುತ್ತಿದ್ದಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1943ರ ಮಾರ್ಚ್ 15ರಂದು ಸಂಸತ್ತನ್ನು ಕೇಳದೆ, ಕೇವಲ ಘೋಷಣೆಯೊಂದರಿಂದ, ಎರಡು ಲಕ್ಷಕ್ಕೂ ಮಿಕ್ಕ ಎಕರೆಗಳನ್ನು ಜ್ಯಾಕ್ಸನ್ ಹೋಲ್ ರಾಷ್ಟ್ರೀಯ ಸ್ಮಾರಕವೆಂದು, ಅಂದರೆ ಸರ್ಕಾರ ಕಾಪಾಡುವ ನೆಲವೆಂದು ಸಾರಿದರು.

ಪಶುಪಾಲಕರು ಕೆರಳಿದರು. ಮೇವುನೆಲ ಹೋದೀತೆಂಬ ಭಯ ಒಂದು ಕಡೆ. ನೆಲವು ಸರ್ಕಾರದ ಪಾಲಾದರೆ ತೆರಿಗೆ ಬರದೆ ಜಿಲ್ಲೆಯ ಶಾಲೆ, ರಸ್ತೆಗಳ ಗತಿಯೇನು ಎಂಬ ಚಿಂತೆ ಇನ್ನೊಂದು ಕಡೆ. ಎರಡನೆಯದು ಸಾಮಾನ್ಯವಾಗಿ ಮರೆತುಹೋಗುತ್ತದೆ; ಆದರೆ ಜಿಲ್ಲಾ ಮಂಡಳಿಯಲ್ಲಿ ಕುಳಿತವರಿಗೆ ಅದೇ ಮೊದಲ ಚಿಂತೆಯಾಗಿರಬೇಕು. ಆ ಮೇ ತಿಂಗಳಲ್ಲಿ ಹ್ಯಾನ್ಸನ್ ಮತ್ತು ಅವರ ನೆರೆಹೊರೆಯವರು ಐನೂರಕ್ಕೂ ಹೆಚ್ಚು ದನಗಳನ್ನು ಅನುಮತಿಯಿಲ್ಲದೆ ಸ್ಮಾರಕದ ನೆಲದ ಮೇಲೆ ಅಟ್ಟಿಕೊಂಡು ಹೋದರು. ಕೆಲವರ ಕೈಯಲ್ಲಿ ಬಂದೂಕುಗಳಿದ್ದವು. ಮುಂದಾಳುಗಳ ಸಾಲಿನಲ್ಲಿ ಆ ಕಾಲದ ಹೆಸರಾಂತ ಚಲನಚಿತ್ರ ನಟ ವಾಲೇಸ್ ಬೀರಿ ಕುದುರೆಯೇರಿ ಬಂದಿದ್ದರು. ಅಧಿಕಾರಿಗಳು ಜಾಣತನದಿಂದ ತಡೆಯಲು ಹೋಗಲಿಲ್ಲ. ದನಗಳು ದಾಟಿದವು, ದೇಶದ ಪತ್ರಿಕೆಗಳು ಬರೆದವು. ನನ್ನ ದೃಷ್ಟಿಯಲ್ಲಿ ಅದು ಬಂಡಾಯಕ್ಕಿಂತ ಹೆಚ್ಚಾಗಿ ಪ್ರದರ್ಶನವೇ ಆಗಿತ್ತು; ನಟನನ್ನು ಕರೆತಂದವರಿಗೆ ಅದು ಗೊತ್ತಿರದೆ ಇರಲಿಲ್ಲ.

ಜಗಳ ಏಳು ವರ್ಷ ನಡೆಯಿತು. ಸ್ಮಾರಕವನ್ನು ರದ್ದುಪಡಿಸುವ ಮಸೂದೆಯನ್ನು 1944ರಲ್ಲಿ ಸಂಸತ್ತು ಅಂಗೀಕರಿಸಿದರೂ ರೂಸ್‌ವೆಲ್ಟ್ ಸಹಿ ಹಾಕಲಿಲ್ಲ. ವಯೋಮಿಂಗ್ ರಾಜ್ಯ ಹೂಡಿದ ದಾವೆಯೂ ಬಿದ್ದುಹೋಯಿತು. ಕೊನೆಗೆ 1950ರ ಸೆಪ್ಟೆಂಬರ್ 14ರಂದು ಅಧ್ಯಕ್ಷ ಟ್ರೂಮನ್ ಸಹಿ ಮಾಡಿದ ಕಾನೂನು ಸ್ಮಾರಕದ ಬಹುಭಾಗವನ್ನು ಹಳೆಯ ಉದ್ಯಾನದೊಡನೆ ಸೇರಿಸಿತು. ಪ್ರತಿಯಾಗಿ ಕಣಿವೆಯವರಿಗೂ ದಕ್ಕಿದ್ದು ಸಣ್ಣದಲ್ಲ: ಜಿಲ್ಲೆಗೆ ಕೆಲವು ವರ್ಷಗಳವರೆಗೆ ತೆರಿಗೆಯ ನಷ್ಟಭರ್ತಿ, ಆಗ ಮೇಯಿಸುತ್ತಿದ್ದವರಿಗೂ ಅವರ ವಾರಸುದಾರರಿಗೂ ಜೀವಿತಾವಧಿಯ ಮೇವಿನ ಹಕ್ಕು, ಮತ್ತು ವಯೋಮಿಂಗ್‌ನಲ್ಲಿ ಇನ್ನು ಮುಂದೆ ಸಂಸತ್ತಿನ ಒಪ್ಪಿಗೆಯಿಲ್ಲದೆ ಯಾವ ಅಧ್ಯಕ್ಷರೂ ರಾಷ್ಟ್ರೀಯ ಸ್ಮಾರಕವನ್ನು ಘೋಷಿಸಕೂಡದೆಂಬ ಕಟ್ಟು.

ಆಮೇಲಿನ ಅಧಿಕಾರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ದೀರ್ಘಕಾಲ ಇದ್ದರು, ರಾಜ್ಯದ ಪಶುಪಾಲಕರ ಸಂಘದ ಅಧ್ಯಕ್ಷರಾದರು, 1962ರ ಚುನಾವಣೆಯಲ್ಲಿ ಗೆದ್ದು ಗವರ್ನರ್ ಆದರು. ಅಲ್ಲಿ ಗವರ್ನರ್ ಎಂದರೆ ನೇಮಕಗೊಂಡವರಲ್ಲ, ಜನರು ನೇರವಾಗಿ ಆರಿಸಿದ ಆಡಳಿತದ ಮುಖ್ಯಸ್ಥರು. 1967ರಿಂದ 1978ರ ಕೊನೆಯವರೆಗೆ ಸೆನೆಟ್‌ನಲ್ಲಿದ್ದರು. ಅಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದನ್ನು ಮಾತ್ರ ಎತ್ತಿ ಹೇಳುತ್ತೇನೆ, ಏಕೆಂದರೆ ಅದರ ಬೇರು 1943ರ ತೆರಿಗೆಯ ಚಿಂತೆಯಲ್ಲಿಯೇ ಇದೆ. ಕೇಂದ್ರ ಸರ್ಕಾರದ ನೆಲದಿಂದ ತೆಗೆದ ಕಲ್ಲಿದ್ದಲು, ತೈಲ ಮುಂತಾದವುಗಳ ರಾಜಧನದಲ್ಲಿ ಆಯಾ ರಾಜ್ಯಕ್ಕೆ ಸಿಗುತ್ತಿದ್ದ ಪಾಲು ಶೇಕಡಾ 37.5. ಅದನ್ನು ಶೇಕಡಾ 50ಕ್ಕೆ ಏರಿಸಲು ಹ್ಯಾನ್ಸನ್ ದುಡಿದರು. ಅಧ್ಯಕ್ಷ ಫೋರ್ಡ್, ಹ್ಯಾನ್ಸನ್ ಅವರದೇ ಪಕ್ಷದವರಾದರೂ, ಆ ಮಸೂದೆಯನ್ನು ತಳ್ಳಿಹಾಕಿದರು. ಸಂಸತ್ತು ಅಧ್ಯಕ್ಷರ ನಿರಾಕರಣೆಯನ್ನು ಮೀರಿ 1976ರಲ್ಲಿ ಅದನ್ನು ಕಾನೂನಾಗಿಸಿತು. ವಯೋಮಿಂಗ್‌ನ ಬೊಕ್ಕಸಕ್ಕೆ ಅಂದಿನಿಂದ ಹರಿದುಬಂದ ಹಣ ಅಪಾರ.

ಇಷ್ಟು ಮಾತ್ರವಾಗಿದ್ದರೆ ಅವರು ತಮ್ಮವರ ಹಿತ ಕಾಯ್ದ ಸಮರ್ಥ ರಾಜಕಾರಣಿ ಎನ್ನಬಹುದಿತ್ತು. ನನ್ನನ್ನು ಅವರತ್ತ ಸೆಳೆದದ್ದು ಬೇರೆ. ಉದ್ಯಾನದ ವಿಸ್ತರಣೆಯನ್ನು ಬಂದೂಕು ಹಿಡಿದವರ ಜೊತೆ ನಿಂತು ವಿರೋಧಿಸಿದ ಈ ವ್ಯಕ್ತಿ, ಮುಂದೆ ತಾವು ತಪ್ಪು ತಿಳಿದಿದ್ದೆವೆಂದೂ, ಆ ಹೋರಾಟದಲ್ಲಿ ಸೋತದ್ದೇ ಒಳ್ಳೆಯದಾಯಿತೆಂದೂ ಬಹಿರಂಗವಾಗಿ ಒಪ್ಪಿಕೊಂಡರು. ಹಾಗೆ ಹೇಳಬೇಕೆಂದು ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. ಹೇಳಿದ್ದರಿಂದ ಪಶುಪಾಲಕರ ಮತಗಳು ಹೆಚ್ಚುವಂತೆಯೂ ಇರಲಿಲ್ಲ. ಹಾಗೆಂದು ಅವರನ್ನು ಸಂತರನ್ನಾಗಿಸುವುದೂ ಬೇಡ. ತಪ್ಪೊಪ್ಪಿಕೊಂಡ ಮೇಲೂ ಅವರ ಕುಟುಂಬದ ದನಗಳು ಅದೇ ಉದ್ಯಾನದಲ್ಲಿ ಕಾನೂನು ಕೊಟ್ಟ ಹಕ್ಕಿನಂತೆ ಮೇಯುತ್ತಲೇ ಇದ್ದವು. ಅಧ್ಯಕ್ಷ ರೇಗನ್, ಹ್ಯಾನ್ಸನ್ ಅವರನ್ನು ಒಳಾಡಳಿತ ಖಾತೆಗೆ, ಅಂದರೆ ಉದ್ಯಾನಗಳನ್ನೂ ಸಾರ್ವಜನಿಕ ನೆಲವನ್ನೂ ನೋಡಿಕೊಳ್ಳುವ ಖಾತೆಗೆ ಕರೆದಾಗ, ಹುದ್ದೆ ಬೇಕಾದರೆ ಆ ಮೇವಿನ ಹಕ್ಕು ಬಿಡಬೇಕೆಂಬ ನಿಯಮ ಎದುರಾಯಿತು. ಅವರು ಹುದ್ದೆಯನ್ನು ಬಿಟ್ಟರು. ಇದನ್ನು ಸ್ವಾರ್ಥವೆನ್ನುವವರೂ ಇದ್ದಾರು. ಎರಡನ್ನೂ ಇಟ್ಟುಕೊಳ್ಳುವ ಅಡ್ಡದಾರಿ ಹುಡುಕಲಿಲ್ಲವೆಂಬುದನ್ನು ನಾನು ಅವರ ಪರವಾಗಿ ಎಣಿಸುತ್ತೇನೆ.

ಅವರ ಮಗಳು ಮೇರಿ ಮೀಡ್ ತಂದೆಯಂತೆಯೇ ರ್ಯಾಂಚನ್ನೂ ಸಾರ್ವಜನಿಕ ಬದುಕನ್ನೂ ಹೊತ್ತವರು. 1990ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತಿದ್ದರು. 1996ರಲ್ಲಿ ರ್ಯಾಂಚಿನ ಕೆಲಸದಲ್ಲಿದ್ದಾಗ ಕುದುರೆಯ ಅವಘಡದಲ್ಲಿ ತೀರಿಕೊಂಡರು. ಎಂಬತ್ತು ದಾಟಿದ ತಂದೆತಾಯಿಗಳ ದುಃಖವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಆದರೆ ಆ ಸಾವಿನೊಂದಿಗೆ 1950ರ ಕಾನೂನಿನ ವಾರಸುದಾರಿಕೆಯೂ ಕಡಿದು, ಉದ್ಯಾನದಲ್ಲಿ ಮೇಯಿಸುವ ಹಕ್ಕು ಮುಗಿಯುವ ಹಂತಕ್ಕೆ ಬಂತು. ಅಷ್ಟರಲ್ಲಿ ಕಣಿವೆಯ ಸ್ಥಿತಿಯೇ ತಲೆಕೆಳಗಾಗಿತ್ತು. ನೆಲದ ಬೆಲೆ ಗಗನಕ್ಕೇರಿ, ಬೇಸಿಗೆಯ ಮೇವಿಲ್ಲದೆ ರ್ಯಾಂಚುಗಳು ಮಾರಾಟವಾದರೆ ಹುಲ್ಲುಗಾವಲುಗಳೆಲ್ಲ ನಿವೇಶನಗಳಾಗಿ, ಪರ್ವತದ ಮುಂದಿನ ಬಯಲು ಮನೆಗಳಿಂದ ತುಂಬುತ್ತದೆಂಬ ಆತಂಕ ಹುಟ್ಟಿತ್ತು. ಒಂದು ಕಾಲದಲ್ಲಿ ಉದ್ಯಾನವು ದನಗಳನ್ನು ಓಡಿಸುತ್ತದೆಂದು ಜನ ಹೆದರಿದ್ದರು; ಈಗ ದನಗಳು ಹೋದರೆ ಉದ್ಯಾನದ ಅಂಚು ಉಳಿಯದೆಂದು ಹೆದರುವಂತಾಯಿತು. ಸಂಸತ್ತು 1997ರಲ್ಲಿ ಕಾನೂನು ಮಾಡಿ, ಸುತ್ತಲಿನ ಬಯಲನ್ನು ಉಳಿಸುವ ಬಗೆಯ ಅಧ್ಯಯನ ನಡೆಯುವಷ್ಟು ಕಾಲ ಮೇಯಿಸಲು ಅವಕಾಶ ಮುಂದುವರಿಸಿತು.

ಹ್ಯಾನ್ಸನ್ ಅವರು 2009ರ ಅಕ್ಟೋಬರ್ 20ರಂದು, 97 ತುಂಬಿದ ನಾಲ್ಕನೆಯ ದಿನ, ಅದೇ ಕಣಿವೆಯಲ್ಲಿ ಕಣ್ಣು ಮುಚ್ಚಿದರು. ಮರುವರ್ಷದ ಚುನಾವಣೆಯಲ್ಲಿ ಮೇರಿಯವರ ಮಗ ಮ್ಯಾಟ್ ಮೀಡ್ ವಯೋಮಿಂಗ್‌ನ ಗವರ್ನರ್ ಆಗಿ ಆಯ್ಕೆಯಾದರು. ಆ ಹುದ್ದೆಯಲ್ಲಿ ಅಜ್ಜ ಕುಳಿತಿದ್ದರು, ತಾಯಿ ಅದಕ್ಕಾಗಿ ಸ್ಪರ್ಧಿಸಿ ಸೋತಿದ್ದರು. 2011ರ ಜನವರಿಯಲ್ಲಿ ಮೊಮ್ಮಗ ಪ್ರಮಾಣ ಸ್ವೀಕರಿಸಿದರು.

ನಮಸ್ಕಾರ.