ಹೇಳಿದ ಮಾತು ಕೇಳುವ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ಜೇಡಿಮಣ್ಣಿನಲ್ಲಿ ಓಬವ್ವನ ಗೊಂಬೆ ಮಾಡಿದ್ದೀರಿ ಅಂದುಕೊಳ್ಳಿ. ಚಿತ್ರದುರ್ಗದ ಮಕ್ಕಳ ಕೈಗೆ ಮಣ್ಣು ಕೊಟ್ಟರೆ ಮೊದಲು ಎದ್ದು ನಿಲ್ಲುವವಳು ಅವಳೇ, ಅಲ್ವಾ? ಕೈಯಲ್ಲಿ ಕಡ್ಡಿಯ ಒನಕೆ, ಎದುರಿಗೆ ರಟ್ಟಿನ ಕಿಂಡಿ. ಒನಕೆಯನ್ನು ಚೂರೇ ಚೂರು ಎತ್ತಿ ಒಂದು ಫೋಟೊ, ಇನ್ನೂ ಚೂರು ಎತ್ತಿ ಇನ್ನೊಂದು. ಇವನ್ನು ಸಾಲಾಗಿ ಓಡಿಸಿದರೆ ಗೊಂಬೆ ತಾನೇ ಒನಕೆ ಬೀಸುತ್ತದೆ. ಇದೇ ಸ್ಟಾಪ್ ಮೋಷನ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಮನೆಯಲ್ಲಿ ಮಾಡುವವರಿಗೆ 12 ಧಾರಾಳ. ಅದರಲ್ಲಿ ಎತ್ತುವುದಕ್ಕೆ 9, ಹೊಡೆಯುವುದಕ್ಕೆ 3 ಕೊಟ್ಟು ನೋಡಿ, ಏಟಿಗೆ ತೂಕ ಬರುತ್ತದೆ.

ಇದಕ್ಕೆ ಯಾವ ಕ್ಯಾಮೆರಾ ಕೊಳ್ಳಬೇಕು? ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. ಅದಕ್ಕೆ ಮರುಳಾಗಬೇಡಿ. ಫುಲ್ ಎಚ್‌ಡಿಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು, 4ಕೆಗೆ 8ರ ಆಸುಪಾಸು. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಬೆಳಕು, ಫೋಕಸ್, ಬಣ್ಣ, ಈ ಮೂರೂ ನಾನು ಇಟ್ಟಲ್ಲೇ ನಿಲ್ಲುತ್ತವಾ? ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ಫೋಟೊಗೂ ತನ್ನದೇ ಬುದ್ಧಿ ಓಡಿಸುತ್ತದೆ. ನಿಮ್ಮ ಬಿಳಿ ಅಂಗಿ ಚೌಕಟ್ಟಿನ ಹತ್ತಿರ ಬಂದರೆ ಸಾಕು, ಗೊಂಬೆಯನ್ನು ಕಪ್ಪಾಗಿಸುತ್ತದೆ. ಹಿಂದೆ ಸರಿದರೆ ಮತ್ತೆ ಬೆಳ್ಳಗೆ. ಓಡಿಸಿದಾಗ ಓಬವ್ವ ಮಿಣುಕು ದೀಪ ಆಗಿರುತ್ತಾಳೆ.

ಮೊದಲು ಜೇಬಿನಲ್ಲಿರುವ ಫೋನನ್ನೇ ನೋಡಿ. ಬೆಳಕು, ಫೋಕಸ್ ಎಲ್ಲ ನಾವೇ ಇಡುವ ಪ್ರೊ ಮೋಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಂಡ್ರಾಯ್ಡ್‌ಗೆ ಓಪನ್ ಕ್ಯಾಮೆರಾ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಬೆಳಕಿಗೆ ಬೀಗ ಹಾಕಬಹುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ; ಮಧ್ಯೆ ಕರೆ ಬಂದು ನಡುಗಿದರೆ ಅಷ್ಟೂ ಕೆಲಸ ಹಾಳು. ಪರದೆ ಮುಟ್ಟಿ ಫೋಟೊ ತೆಗೆಯುವುದೂ ಬೇಡ. ಬಹಳಷ್ಟು ಫೋನ್‌ಗಳಲ್ಲಿ ವೈರ್ ಇಯರ್‌ಫೋನಿನ ವಾಲ್ಯೂಮ್ ಗುಂಡಿಯೇ ಫೋಟೊ ತೆಗೆಯುವ ಗುಂಡಿ ಆಗುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ವೆಬ್‌ಕ್ಯಾಮ್ ಕೂಡ ಆಗುತ್ತದೆ. ಸ್ಟಾಪ್ ಮೋಷನ್ ಸಾಫ್ಟ್‌ವೇರ್‌ನಲ್ಲಿ ಹಿಂದಿನ ಚಿತ್ರ ತೆಳ್ಳಗೆ ಮೇಲೆ ಕಾಣುತ್ತಿರುತ್ತದೆ, ಗೊಂಬೆ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತದೆ. ಆದರೆ ಫೋಕಸ್ ಕೈಯಲ್ಲಿ ತಿರುಗಿಸಲಾಗದ ತೀರಾ ಅಗ್ಗದ ವೆಬ್‌ಕ್ಯಾಮ್ ಹತ್ತಿರದ ಗೊಂಬೆಯನ್ನು ಮಸುಕು ಮಾಡುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ನನ್ನ ಮೆಚ್ಚಿನದು ಇದೇ. ಈಗ ಎಲ್ಲರೂ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೊರಟಿದ್ದಾರೆ, ಹಾಗಾಗಿ ಮದುವೆ ಫೋಟೊ ತೆಗೆಯುವವರ ಹತ್ತಿರ ಹಳೆಯವು ಬೀರುವಿನಲ್ಲಿ ಸುಮ್ನೆ ಕೂತಿರುತ್ತವೆ. ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಪರದೆ, ಎಷ್ಟು ಸಲ ಬಿದ್ದಿದೆ ಅಂತ ಕೇಳಿ; ಅದು ಸವೆಯುವ ಭಾಗ. ಸೆಕೆಂಡಿಗೆ 12ರ ಲೆಕ್ಕದಲ್ಲಿ 3 ನಿಮಿಷದ ಚಿತ್ರಕ್ಕೇ 2,160 ಫೋಟೊ ಬೇಕು, ತಪ್ಪಿದ್ದು ಬೇರೆ. ಇಲ್ಲೊಂದು ಸೂಕ್ಷ್ಮವಿದೆ. ಎಲ್ಲವನ್ನೂ ನಾವೇ ಇಡುವ ಎಂ ಮೋಡ್‌ನಲ್ಲಿ ಇಟ್ಟರೂ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಲೆನ್ಸಿನೊಳಗಿನ ಎಲೆಗಳು ಪ್ರತಿ ಸಲ ಮುಚ್ಚುವಾಗ ಒಂದು ಎಳೆ ಆಚೀಚೆ ಆಗುತ್ತವೆ. ಅಷ್ಟಕ್ಕೇ ಚಿತ್ರ ಮಿನುಗುತ್ತದೆ. ಬೆಳಕಿನ ಬಳೆಯನ್ನು ಕೈಯಲ್ಲೇ ತಿರುಗಿಸುವ ಹಳೆಯ ಮ್ಯಾನ್ಯುಯಲ್ ಲೆನ್ಸನ್ನು ಅಡಾಪ್ಟರ್ ಹಾಕಿ ಕೂರಿಸಿದರೆ ಆ ಕಾಟ ಇರುವುದಿಲ್ಲ. ಫಿಲ್ಮ್ ಕಾಲದ ಲೆನ್ಸ್, ಈ ಕೆಲಸಕ್ಕೆ ಹೊಸದಕ್ಕಿಂತ ವಾಸಿ!

ಕಿಟಕಿ ಮುಚ್ಚಿ. ಬಿಸಿಲು ಗಂಟೆಗಂಟೆಗೂ ಜಾಗ ಬದಲಿಸುತ್ತದೆ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ರಟ್ಟಿನ ಕಿಂಡಿಯೂ ನಿಲ್ಲುವುದಿಲ್ಲ. ಟೇಬಲ್ ಲ್ಯಾಂಪ್ ಎರಡು ಸಾಕು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ; ಎರಡೂ ಕಡೆಗೆ ಒಂದೊಂದರಂತೆ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ 25ನೇ ಒಂದು ಭಾಗಕ್ಕೋ ಇನ್ನೂ ನಿಧಾನಕ್ಕೋ ಇಟ್ಟರೆ ಅದು ಫೋಟೊದಲ್ಲಿ ಕಾಣುವುದಿಲ್ಲ.

ಕೊಳ್ಳುವ ಮುಂಚೆ ಕ್ಯಾಮೆರಾವನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಎದುರಿನ ಗೋಡೆಯ 20 ಫೋಟೊ ತೆಗೆಯಿರಿ. ಬಟನ್ ಒತ್ತುತ್ತಾ ಬೇಗ ಬೇಗ ಓಡಿಸಿ. ಗೋಡೆ ಒಂದೇ ಬಣ್ಣದಲ್ಲಿ ನಿಂತರೆ ಆಮೇಲೆ ರೇಟಿನ ಮಾತಾಡಿ. ನಮಸ್ಕಾರ.