ಮೊದಲು ಗೇಟು ತೆಗೆಯಿರಿ

ನಮಸ್ಕಾರ. ಎಲ್ಲರೂ ಆರಾಮಾಗಿದ್ದೀರಾ? ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಭಾನುವಾರದಿಂದ ಒಂದು ಸಿಟ್ಟು ಹೊಟ್ಟೆಯೊಳಗೇ ಕುದಿಯುತ್ತಿದೆ. ಅದನ್ನು ಹೇಳದೆ ಮುಂದೆ ಹೋಗೋಕೆ ಆಗುತ್ತಿಲ್ಲ.

ಬೆಂಗಳೂರಲ್ಲಿ ಒಂದು ಕಾರ್ಯಕ್ರಮ ಇತ್ತು. ನಮ್ಮೂರಿನ ಆಧುನಿಕ ಕಟ್ಟಡಗಳ ಬಗ್ಗೆ ಮಾತು, ಪಕ್ಕದಲ್ಲೇ ಹೊಸ ಕಲಾವಿದರ ಒಂದಿಷ್ಟು ಕೆಲಸ. ಅಕ್ಕನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಪಿಯುಸಿ ಓದುತ್ತಿದ್ದಾಳೆ, ಆರ್ಕಿಟೆಕ್ಟ್ ಆಗಬೇಕು ಅಂತ ಆಸೆ. ಎಸಿ ಹಾಲು, ಎರಡು ಗಂಟೆ ಸ್ಲೈಡು. ಮಾತು ಚೆನ್ನಾಗಿಯೇ ಇತ್ತು. ಮುಗಿದ ಮೇಲೆ ಅವಳು ಕೇಳಿದಳು, "ಮಾಮ, ಆ ಕಟ್ಟಡ ಇಲ್ಲೇ ಹತ್ತಿರ ಅಲ್ವಾ? ನೋಡ್ಕೊಂಡು ಹೋಗೋಣ."

ಹೋದೆವು. ಗೇಟಿನಲ್ಲೇ ತಡೆದರು. "ಯಾರನ್ನ ನೋಡ್ಬೇಕು?" ಯಾರನ್ನೂ ಅಲ್ಲಣ್ಣ, ಕಟ್ಟಡ ನೋಡಬೇಕು ಅಂದೆ. "ಕಟ್ಟಡ ನೋಡೋಕೆಲ್ಲ ಬಿಡಲ್ಲ ಸರ್." ಪಾಪ, ಆ ಸೆಕ್ಯುರಿಟಿಯವರ ತಪ್ಪೇನಿಲ್ಲ. ಅವರಿಗೆ ಹಾಗೇ ಹೇಳಿರುತ್ತಾರೆ. ಆದರೆ ಆ ಹುಡುಗಿ ಕಂಬಿ ಹಿಡಿದುಕೊಂಡು ಒಳಗೆ ನೋಡುತ್ತಾ ನಿಂತಿದ್ದು ಇನ್ನೂ ನನ್ನ ಕಣ್ಣಲ್ಲಿದೆ.

ನನ್ನ ಮಾತು ಒಂದೇ. ಗೇಟು ತೆಗೆಯಿರಿ. ಕಟ್ಟಡದ ಹಬ್ಬ ಮಾಡುವುದಾದರೆ ಕಟ್ಟಡದೊಳಗೆ ಮಾಡಿ.

ಕಳೆದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ, "ಹಳೇ ಸಿಮೆಂಟ್ ಡಬ್ಬಗಳಲ್ಲಿ ನೋಡೋಕೆ ಏನಿದೆ?" ಅಂತ. ಅವರ ಮೇಲೆ ನನಗೆ ಕೋಪ ಇಲ್ಲ. ರಸ್ತೆಯಲ್ಲಿ ನಿಂತು ಕಾಂಪೌಂಡಿನ ಆಚೆಯಿಂದ ನೋಡಿದರೆ ಡಬ್ಬದ ಥರಾನೇ ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯ ಐಐಎಂ ತೆಗೆದುಕೊಳ್ಳಿ. ವಿನ್ಯಾಸ ಮಾಡಿದ್ದು ಬಿ.ವಿ. ದೋಶಿ, 2018ರಲ್ಲಿ ಆರ್ಕಿಟೆಕ್ಟುಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತಲ್ಲ, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಮಾಡಿದ್ದು. ಒರಟು ಕಲ್ಲಿನ ಗೋಡೆ. ಉದ್ದುದ್ದ ಓಣಿಗಳು. ಒಂದು ಕಡೆ ಮೇಲೆ ಚಾವಣಿ, ಹತ್ತು ಹೆಜ್ಜೆ ಹೋದರೆ ಬರೀ ತೊಲೆಗಳು, ಅವುಗಳ ಮಧ್ಯೆ ಆಕಾಶ, ಬಳ್ಳಿ. ಬೆಳಗ್ಗೆ ಒಂಬತ್ತಕ್ಕೆ ಬಿದ್ದ ನೆರಳು ಹನ್ನೆರಡಕ್ಕೆ ಅಲ್ಲಿರುವುದಿಲ್ಲ. ಇದನ್ನು ಸ್ಲೈಡಿನಲ್ಲಿ ಹೇಗೆ ತೋರಿಸುತ್ತೀರಿ? ನಡೆಯಬೇಕು. ಬಿಸಿಲಿನಿಂದ ನೆರಳಿಗೆ ಕಾಲಿಟ್ಟಾಗ ಮೈಗೆ ತಂಪು ಗೊತ್ತಾಗಬೇಕು. ಊಟದ ಫೋಟೊ ತೋರಿಸಿ ಹೊಟ್ಟೆ ತುಂಬಿತಾ ಅಂತ ಕೇಳಿದ ಹಾಗಾಯಿತು. ಗೇಟು ತೆಗೆಯಿರಿ!

ಅಂದಹಾಗೆ, ದೋಶಿ ಬಗ್ಗೆ ನಾವು ಎರಡು ಭಾಗದ ವಿಡಿಯೊ ಮಾಡಿದ್ದೇವೆ. ತುಂಬಾ ಪ್ರೀತಿಯಿಂದ ಮಾಡಿದ್ದು. ನೋಡಿಲ್ಲ ಅಂದರೆ ಖಂಡಿತ ನೋಡಿ, ಮನೆಯವರಿಗೂ ತೋರಿಸಿ.

ಈಗ ಭದ್ರತೆ ಅನ್ನುವವರು. ನೂರು ಜನ ಇದನ್ನೇ ಹೇಳುತ್ತಾರೆ. ಚಂಡೀಗಢಕ್ಕೆ ಹೋಗಿ ಬನ್ನಿ ಸ್ವಾಮಿ. ಆರ್ಕಿಟೆಕ್ಟ್ ಲ ಕಾರ್ಬುಸಿಯೆ ವಿನ್ಯಾಸ ಮಾಡಿದ ಕ್ಯಾಪಿಟಲ್ ಕಾಂಪ್ಲೆಕ್ಸ್. ಹೈಕೋರ್ಟು, ಸೆಕ್ರೆಟೇರಿಯಟ್ಟು, ವಿಧಾನಸಭೆ ಮೂರೂ ಅಲ್ಲೇ, ಮೂರರಲ್ಲೂ ದಿನಾ ಕೆಲಸ ನಡೆಯುತ್ತದೆ. ಅಲ್ಲಿಗಿಂತ ಜಾಸ್ತಿ ಭದ್ರತೆ ನಿಮ್ಮ ಆಫೀಸಿಗೆ ಬೇಕಾ? ಅಲ್ಲಿ ಗುರುತಿನ ಚೀಟಿ ತೋರಿಸಿದರೆ ಗೈಡ್ ಜೊತೆ ಆವರಣದೊಳಗೆ ಕರೆದುಕೊಂಡು ಹೋಗುತ್ತಾರೆ. ಲಂಡನ್ನಿನಲ್ಲಿ 1992ರಿಂದ ವರ್ಷಕ್ಕೊಮ್ಮೆ ಊರಿನ ಕಟ್ಟಡಗಳನ್ನು ಜನರಿಗೆ ಪುಕ್ಕಟೆ ತೆರೆದಿಡುತ್ತಾರೆ. ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೇ, ಅಂದರೆ ಐಐಎಸ್‌ಸಿ, ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆಗೆಯುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಸಾವಿರಾರು ಜನ ಹೋಗುತ್ತಾರೆ. ಅವರ ಕಾಲ ಕೆಳಗೇ ಇದೆ ಇನ್ನೊಂದು ಕಥೆ. ಆಟೊ ಕೋನಿಗ್ಸ್‌ಬರ್ಗರ್ ಅಂತ ಒಬ್ಬರು. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟವರು. 1939ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆದರು. ಟಾಟಾ ಇನ್‌ಸ್ಟಿಟ್ಯೂಟಿನ ಊಟದ ಹಾಲು, ಸಭಾಂಗಣ ಅವರ ಕೆಲಸ. ಮನೆ ಕಳೆದುಕೊಂಡು ಬಂದ ಮನುಷ್ಯ ನಮ್ಮ ಬಿಸಿಲು, ನಮ್ಮ ಗಾಳಿ ನೋಡಿ ಕಟ್ಟಿದ. ಅದನ್ನು ಅಲ್ಲೇ ನಿಂತು ಒಂದು ಮಗುವಿಗೆ ಹೇಳಿದರೆ ಅದು ಜನ್ಮದಲ್ಲಿ ಮರೆಯುವುದಿಲ್ಲ.

"ಜನಕ್ಕೆ ಇದೆಲ್ಲ ಬೇಕಾಗಿಲ್ಲ" ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ. ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ಬನ್ನಿ. 2003ರಿಂದ ಚಿತ್ರಸಂತೆ ನಡೆಯುತ್ತಿದೆ. ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ, ಅಷ್ಟೇ. ಕಾಲಿಡೋಕೆ ಜಾಗ ಇರುವುದಿಲ್ಲ! ಹೂವಿನ ಚಿತ್ರ ಕೊಳ್ಳುವವರೂ ಇರುತ್ತಾರೆ, ಏನೂ ಅರ್ಥವಾಗದ ಕ್ಯಾನ್ವಾಸ್ ಮುಂದೆ ಅರ್ಧ ಗಂಟೆ ನಿಲ್ಲುವವರೂ ಇರುತ್ತಾರೆ. ಅಲ್ಲಿ ಯಾರೂ "ಯಾರನ್ನ ನೋಡ್ಬೇಕು" ಅಂತ ಕೇಳುವುದಿಲ್ಲ. ಕೊಚ್ಚಿಯಲ್ಲಿ 2012ರಲ್ಲಿ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, ಶುರು ಮಾಡಿದರು, ಹಳೇ ವ್ಯಾಪಾರದ ಗೋದಾಮುಗಳಲ್ಲಿ. ನಾನು ಹೋದಾಗ ನಮ್ಮ ಆಟೋದವರೇ ಯಾವ ಕೋಣೆ ಮೊದಲು ನೋಡಬೇಕು ಅಂತ ಹೇಳಿದ್ದರು. ಬಾಗಿಲು ತೆಗೆದರೆ ಹೀಗಾಗುತ್ತದೆ.

ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಟ್ರಸ್ಟಿಗೆ ಕೊಡುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗೆ ಬಂದರು. ಯಾಕೆ ಬಂದರು? ಅವರು ಒಳಗೆ ಓಡಾಡಿದ್ದರು. ಎಷ್ಟೋ ಜನ ತಮ್ಮ ಮೊದಲ ಚಿತ್ರ ಅಲ್ಲೇ ತೂಗು ಹಾಕಿದ್ದರು. ಅದು ಅವರ ಮನೆ ಆಗಿತ್ತು.

ಒಬ್ಬರು ಜಾಣತನದಿಂದ ಕೇಳಿದರು. "ದೆಹಲಿಯ ಪ್ರಗತಿ ಮೈದಾನದಲ್ಲಿ ಮೇಳಗಳು ನಡೆಯುತ್ತಿದ್ದ ಹಾಲ್ ಆಫ್ ನೇಷನ್ಸ್ ಒಳಗೆ ಲಕ್ಷಾಂತರ ಜನ ಹೋಗಿದ್ದರು. ಆದರೂ 2017ರ ಏಪ್ರಿಲ್‌ನಲ್ಲಿ ಕೆಡವಿದರಲ್ಲ?" ಹೌದು, ಕೆಡವಿದರು. ಆರ್ಕಿಟೆಕ್ಟ್ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಅದ್ಭುತ ಅದು. ರಾತ್ರೋರಾತ್ರಿ ನೆಲಸಮ. ಜನ ಹೋಗಿದ್ದರು ಸರ್, ಕುಕ್ಕರ್ ಕೊಳ್ಳೋಕೆ, ಪುಸ್ತಕ ಕೊಳ್ಳೋಕೆ. ತಲೆ ಎತ್ತಿ ಮೇಲೆ ನೋಡಿ ಅಂತ ಅವರಿಗೆ ಯಾರಾದರೂ ಹೇಳಿದ್ದರಾ? ಗೇಟೂ ಬೇಕು, ಪಕ್ಕದಲ್ಲಿ ನಿಂತು ಹೇಳುವವರೂ ಬೇಕು. ನಮ್ಮ ವಿಶ್ವೇಶ್ವರಯ್ಯ ಟವರೂ ಅಷ್ಟೇ. ಫೈಲು ಹಿಡಿದುಕೊಂಡು ಎಷ್ಟು ಸಲ ಮೆಟ್ಟಿಲು ಹತ್ತಿದ್ದೀರಿ? ಅದನ್ನು ವಿನ್ಯಾಸ ಮಾಡಿದ್ದು ಚಾರ್ಲ್ಸ್ ಕೊರಿಯಾ ಅಂತ ಯಾರಾದರೂ ಹೇಳಿದರಾ? ಅದನ್ನು ಹೇಳೋಕಾದರೂ ಗೇಟು ತೆಗೆಯಿರಿ! ವರ್ಷಕ್ಕೆ ಒಂದು ಭಾನುವಾರ ಸಾಕು. ಚಪ್ಪಲಿ ಬಿಡಿ ಅಂದರೆ ಬಿಡುತ್ತೇವೆ. ಬ್ಯಾಗು ತೋರಿಸಿ ಅಂದರೆ ತೋರಿಸುತ್ತೇವೆ. ಇನ್ನು ಏನು ಬೇಕು? ಗೇಟು ತೆಗೆಯಿರಿ, ಅಷ್ಟೇ ಕಣ್ರೀ!

ಸರಿ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಬನ್ನಿ. ಅಲ್ಲಿರುವ ಚಿಕ್ಕ ಮಂಟಪವೂ ಕೋನಿಗ್ಸ್‌ಬರ್ಗರ್ ಅವರದೇ. ದುಡ್ಡಿಲ್ಲ, ಟಿಕೆಟ್ ಇಲ್ಲ. ಸುಮ್ನೆ ಸುತ್ತ ನಡೆಯೋಣ, ಗೊತ್ತಿದ್ದಷ್ಟು ನಾನು ಹೇಳುತ್ತೇನೆ. ಆಮೇಲೆ ಒಟ್ಟಿಗೆ ಇಡ್ಲಿ ತಿನ್ನೋಣ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿದ್ದರೆ ಮಳೆ ಬಂದು ಸಮಯ ಬದಲಾದರೂ ನಿಮಗೆ ತಿಳಿಯುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ. ನಮ್ಮ ಅಕ್ಕನ ಮಗಳು ಸ್ಕೆಚ್ ಬುಕ್ ತರುತ್ತಾಳೆ.