ಲೇಪ ಎಲ್ಲಿ ಸವೆದಿದೆ? ಹೊಳೆಯುವ ಕಣ ಹೇಳುತ್ತದೆ

[ದೃಶ್ಯ: ನಲ್ಲಿಯ ಕೆಳಗೆ ಕೆಸುವಿನ ಎಲೆ. ಹನಿಗಳು ಉರುಳಿ ಬೀಳುತ್ತಿವೆ.]

ಪತ್ರೊಡೆಗೆ ಕೆಸುವಿನ ಎಲೆ ತೊಳೆದವರಿಗೆ ಇದು ಗೊತ್ತು. ಎಷ್ಟು ನೀರು ಹುಯ್ದರೂ ಎಲೆ ಒದ್ದೆಯಾಗುವುದಿಲ್ಲ. ನೀರು ಪಾದರಸದ ಹಾಗೆ ಉಂಡೆಯಾಗಿ ಜಾರಿಹೋಗುತ್ತದೆ. ಈಗ ಎಲೆಯ ಒಂದು ಕಡೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಅಲ್ಲಿ ಮೊದಲಿನಷ್ಟು ಸಲೀಸಾಗಿ ನೀರು ಜಾರುವುದಿಲ್ಲ. ನೀರು ಅಂಟದ ಲೇಪ ತಯಾರಿಸುವವರ ದೊಡ್ಡ ಕಷ್ಟವೂ ಇದೇ. ಸ್ವಲ್ಪ ಉಜ್ಜಿದರೆ ಲೇಪ ಹಾಳು. ಎಲ್ಲಿ ಹಾಳಾಗಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೇ ಲೇಪದ ಕಣಗಳ ಒಳಗೆ ನೇರಳಾತೀತ ದೀಪದಡಿ ಹೊಳೆಯುವ ಬಣ್ಣ ಸೇರಿಸುತ್ತಾರೆ. ಹೊಳಪು ಇಲ್ಲದ ಕಡೆ ಲೇಪ ಹೋಗಿದೆ ಅಂತ ಅರ್ಥ.

ಎಲೆಯ ಗುಟ್ಟು ಬರೀ ಮೇಣದಲ್ಲಿಲ್ಲ. ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನವನ್ನು ಸ್ಪರ್ಶ ಕೋನ ಅನ್ನುತ್ತಾರೆ. ಮೇಲ್ಮೈ ನುಣುಪಾಗಿದ್ದರೆ, ಎಷ್ಟೇ ಒಳ್ಳೆಯ ರಾಸಾಯನಿಕ ಬಳಿದರೂ ಈ ಕೋನ ಸುಮಾರು 120 ಡಿಗ್ರಿಗೆ ನಿಂತುಬಿಡುತ್ತದೆ. ಹನಿ ಉಂಡೆಯಾಗಿ ಉರುಳುವ ಹಾಗೆ 150 ದಾಟಬೇಕಾದರೆ ಮೇಲ್ಮೈ ಉಬ್ಬುತಗ್ಗಾಗಿರಬೇಕು. ಆಗ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಹನಿ ಬಹುಪಾಲು ಗಾಳಿಯ ಮೇಲೇ ಕೂರುತ್ತದೆ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಅನ್ನುವ ವಿಜ್ಞಾನಿಗಳು ಇದರ ಲೆಕ್ಕ ಕೊಟ್ಟರು. 1997ರಲ್ಲಿ ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ ತಾವರೆ ಎಲೆಯ ಮೇಲೆ ಧೂಳು ಯಾಕೆ ನಿಲ್ಲುವುದಿಲ್ಲ ಅಂತ ತೋರಿಸಿದರು. ಅದರಲ್ಲಿ ದೊಡ್ಡ ಉಬ್ಬುಗಳಿವೆ, ಆ ಉಬ್ಬುಗಳ ಮೈತುಂಬ ಮೇಣದ ಚಿಕ್ಕ ಚಿಕ್ಕ ಕೊಳವೆಗಳಿವೆ.

[ದೃಶ್ಯ: ಗಸಗಸೆಯಲ್ಲಿ ಹೊರಳಿಸಿದ ಉಂಡೆ.]

ಈ ಎರಡು ಹಂತದ ಉಬ್ಬನ್ನು ಲ್ಯಾಬಿನಲ್ಲಿ ಮಾಡುವುದು ಹೇಗೆ? ಉಂಡೆಯನ್ನು ಗಸಗಸೆಯಲ್ಲಿ ಹೊರಳಿಸಿದ ಹಾಗೆ! ಉಂಡೆ ಅಂದರೆ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್‌ನ ಮಣಿ. ಎರಡು ಮೈಕ್ರಾನ್ ಅಂದುಕೊಳ್ಳಿ, ತಲೆಕೂದಲಿನ ದಪ್ಪಕ್ಕಿಂತ ತುಂಬಾ ಚಿಕ್ಕದು. ಮೊದಲು ಇದನ್ನು ಸ್ವಲ್ಪ ಉಬ್ಬಿಸುವ ದ್ರಾವಕ ಹಾಕುತ್ತಾರೆ. ಅದರ ಜೊತೆಗೆ ಹೊಳೆಯುವ ಬಣ್ಣವೂ ಒಳಗೆ ಇಳಿಯುತ್ತದೆ. ದ್ರಾವಕ ಆರಿಹೋದ ಮೇಲೆ ಬಣ್ಣ ಮಣಿಯೊಳಗೇ ಉಳಿಯುತ್ತದೆ. ಬಣ್ಣ ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತದೆ ಅಂದುಕೊಳ್ಳಬೇಡಿ. ಅಣುಗಳು ತೀರಾ ಹತ್ತಿರವಾದರೆ ಒಂದರ ಬೆಳಕನ್ನು ಇನ್ನೊಂದು ನುಂಗಿ, ಹೊಳಪು ಕುಗ್ಗುತ್ತದೆ.

ಗಸಗಸೆ ಅಂದರೆ ಸಿಲಿಕಾ ಕಣ, ಮರಳಿನಲ್ಲಿರುವುದೂ ಇದೇ ವಸ್ತು. ಸಿಲಿಕಾನ್ ಇರುವ ರಾಸಾಯನಿಕಕ್ಕೆ ಎಥನಾಲ್, ನೀರು, ಅಮೋನಿಯಾ ಸೇರಿಸಿ ಇದನ್ನು ದುಂಡಗೆ ಬೆಳೆಸುವ ವಿಧಾನ 1968ರಿಂದ ಇದೆ, ಸ್ಟೋಬರ್ ವಿಧಾನ ಅಂತ ಹೆಸರು. ನೀರಿನಲ್ಲಿ ಸಿಲಿಕಾಗೆ ಋಣ ವಿದ್ಯುದಂಶ. ಮಣಿಯ ಮೈಗೆ ಅಮೈನ್ ಅನ್ನುವ ನೈಟ್ರೋಜನ್ ಇರುವ ಅಣುಗುಂಪು ಕೂರಿಸಿದರೆ ಅದಕ್ಕೆ ಧನ. ಎರಡೂ ತಾವಾಗಿಯೇ ಅಂಟಿಕೊಳ್ಳುತ್ತವೆ.

ಇಷ್ಟಾದರೂ ಕಣ ನೀರನ್ನು ದೂರ ತಳ್ಳುವುದಿಲ್ಲ, ಯಾಕೆಂದರೆ ಸಿಲಿಕಾಗೆ ನೀರು ಅಂದರೆ ಇಷ್ಟ. ಅದರ ಮೈಮೇಲೆ ಸಿಲೇನ್ ಅನ್ನುವ ರಾಸಾಯನಿಕದ ಪದರ ಕಟ್ಟಬೇಕು. ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಮಣಿಯೊಳಗಿನ ಹೊಳೆಯುವ ಬಣ್ಣಕ್ಕೆ ಫ್ಲೋರೆಸೆಂಟ್ ಬಣ್ಣ ಅನ್ನುತ್ತಾರೆ. ಫ್ಲೋರೆಸೆಂಟ್ ಅಂದರೆ ಫ್ಲೋರಿನ್ ಇದೆ ಅಂತ ಅಲ್ಲ! ಫ್ಲೋರ್‌ಸ್ಪಾರ್ ಅನ್ನುವ ಖನಿಜದಿಂದ ಎರಡಕ್ಕೂ ಹೆಸರು ಬಂತು, ಅಷ್ಟೇ. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಈ ಹೊಳಪಿಗೆ ಹೆಸರಿಟ್ಟಿದ್ದು ಆ ಕಲ್ಲನ್ನು ನೆನೆದು. ಫ್ಲೋರಿನ್ ಇರುವ ಸಿಲೇನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅಂಥ ರಾಸಾಯನಿಕಗಳು ಮಣ್ಣು, ನೀರಿಗೆ ಸೇರಿದರೆ ಸುಲಭಕ್ಕೆ ಒಡೆದು ನಾಶವಾಗುವುದಿಲ್ಲ. ಉದ್ದ ಕಾರ್ಬನ್ ಸರಪಳಿಯ ಸಿಲೇನ್ ಸಾಕಾಗುವ ಕಡೆ ಅದನ್ನೇ ಬಳಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಗಾಜಿನ ಮೇಲೆ ಎಪಾಕ್ಸಿ ಅನ್ನುವ ಅಂಟು ತೆಳುವಾಗಿ ಬಳಿದು, ಅದು ಅರೆಬರೆ ಗಟ್ಟಿಯಾದಾಗ ಕಣಗಳನ್ನು ಎಥನಾಲ್‌ನಲ್ಲಿ ಕಲಸಿ ಸ್ಪ್ರೇ ಮಾಡುತ್ತಾರೆ. ಟಾಲೂಯೀನ್ ಅನ್ನುವ ದ್ರಾವಕ ಬೇಡ, ಮಣಿಯೇ ಕರಗಿಹೋಗುತ್ತದೆ. ಎಪಾಕ್ಸಿ ದಪ್ಪವಾದರೆ ಉಬ್ಬುಗಳು ಮುಳುಗುತ್ತವೆ. ತೀರಾ ತೆಳುವಾದರೆ ಕಣ ಉದುರುತ್ತದೆ. ಈ ಹದ ಹಿಡಿಯುವುದೇ ಕಷ್ಟ.

[ದೃಶ್ಯ: ಕತ್ತಲೆ ಕೋಣೆ. ನೇರಳಾತೀತ ದೀಪದಡಿ ಗಾಜು ಹೊಳೆಯುತ್ತಿದೆ, ನಡುವೆ ಕಪ್ಪು ಗೀರು.]

ಬ್ಯಾಂಕಿನಲ್ಲಿ ನೋಟು ಹಿಡಿದು ನೋಡುವ ನೀಲಿ ದೀಪ ಗೊತ್ತಲ್ವಾ? ಅಂಥದ್ದೇ ದೀಪದಡಿ ಲೇಪ ಇದ್ದಲ್ಲೆಲ್ಲ ಹೊಳೆಯುತ್ತದೆ. ಕಣ ಉದುರಿದ ಜಾಗ ಕಪ್ಪಾಗಿ ಕಾಣುತ್ತದೆ. ಸ್ಪ್ರೇ ಎಲ್ಲಿ ತಪ್ಪಿತು ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಆದರೆ ಬಣ್ಣ ಇರುವುದು ಮಣಿಯ ಒಳಗೆ. ಮೇಲಿನ ಸಿಲೇನ್ ಪದರ ಮಾತ್ರ ಹೋಗಿ ಮಣಿ ಉಳಿದರೆ, ಹೊಳಪು ಹಾಗೇ ಇರುತ್ತದೆ, ನೀರು ಮಾತ್ರ ಅಂಟುತ್ತದೆ. ಅದಕ್ಕೇ ದೀಪ ಆರಿಸುವ ಮೊದಲು, ಹೊಳೆಯುವ ಜಾಗದಲ್ಲೂ ಒಂದು ಹನಿ ನೀರು ಹಾಕಿ ಗಾಜನ್ನು ಸ್ವಲ್ಪ ವಾಲಿಸಿ ನೋಡುತ್ತಾರೆ.